ದಿಯುವಿನಲ್ಲೊಂದು ಉಗ್ರಾಣ

ಮಗಳ ಮದುವೆ ಸಮುದ್ರದ ನಡುವಿನ ಒಂದು ತುಂಡು ನೆಲದ ಮೇಲೆ ನಡೆಯಬೇಕು ಎಂಬ ಮಾತು ಅನಸೂಯಾಳ ಗಂಟಲಲ್ಲಿ ಇಳಿಯಲು ಒಂದಷ್ಟು ದಿನ ಬೇಕಾಯಿತು. ದೀಪಾವಳಿಯ ರಜೆಗೆ ವಡೋದರಾದಿಂದ ಅಹಮದಾಬಾದಿನ ಚಾಂದ್‌ಖೇಡಾದ ತೈಲ ಕಂಪನಿಯ ಕ್ವಾರ್ಟರ್ಸಿಗೆ ಬಂದಿದ್ದ ಪ್ರಾರ್ಥನಾ ಆ ಮಾತು ತೆಗೆದದ್ದು ಊಟದ ಹೊತ್ತಿಗೆ, ಅದೂ ಅಪ್ಪನ ತಟ್ಟೆಗೆ ಬದನೆಕಾಯಿ ಎಣ್ಣೆಗಾಯಿ ಬಿದ್ದ ಗಳಿಗೆ ನೋಡಿ. ಬಾಲಚಂದ್ರನನ್ನು ಯಾವುದಕ್ಕಾದರೂ ಒಪ್ಪಿಸಬೇಕಾದರೆ ಎಣ್ಣೆಗಾಯಿಯ ನಂತರವೇ ಬಾಯಿ ಬಿಡಬೇಕು ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು.

"ದಿಯು ದೂರ ಇಲ್ಲ ಪಪ್ಪಾ. ಐಲ್ಯಾಂಡ್ ಅಂದ್ರೂ ಬ್ರಿಜ್ ಇದೆ, ಬಸ್ ಸೀದಾ ರಿಸಾರ್ಟ್‌ವರೆಗೆ ಹೋಗ್ತದೆ. ಮೌಲಿಕ್ ಮನೆಯವ್ರಿಗೂ ಪಸಂದ್ ಇದೆ," ಎಂದಳು.

ಮೌಲಿಕ್ ಸೂರತ್ತಿನ ಹುಡುಗ. ಅಲ್ಲಿನ ಉಧ್ನಾದಲ್ಲಿ ಅವರದು ಸೀರೆಯ ಅಂಚಿಗೆ ಹಾಕುವ ಲೇಸು ತಯಾರಿಸುವ ಸಣ್ಣ ಕಾರ್ಖಾನೆ. ವಡೋದರಾದ ಒಂದೇ ಕಂಪನಿಯಲ್ಲಿ ಇಬ್ಬರಿಗೂ ಕೆಲಸ. ಜಾತಿಯ ಮಾತು, ಭಾಷೆಯ ಮಾತು, ಅತ್ತು ಕರೆದದ್ದು ಎಲ್ಲ ಹಿಂದಿನ ವರ್ಷವೇ ಮುಗಿದು ನಿಶ್ಚಿತಾರ್ಥವೂ ಆಗಿಹೋಗಿತ್ತು. ಈಗ ಉಳಿದದ್ದು ಜಾಗದ ಮಾತು ಮಾತ್ರ. ಅನಸೂಯಾ ಕೇಳಿದ್ದು ಒಂದೇ ಪ್ರಶ್ನೆ. ಧಾರವಾಡದಿಂದ ಬರುವ ಮಂದಿ ಆ ನಡುಗಡ್ಡೆಯಲ್ಲಿ ಮೂರು ದಿನ ಮಾಡುವುದಾದರೂ ಏನು?

ಪ್ರಾರ್ಥನಾಳ ಹತ್ತಿರ ಉತ್ತರ ಸಿದ್ಧವಾಗಿತ್ತು. ಬೆಳಿಗ್ಗೆ ದಂಡೆಯ ಮೇಲೆ ಯೋಗ, ಆಮೇಲೆ ಸೈಕಲ್ ಹತ್ತಿ ಹಳೆಯ ಕೋಟೆ ನೋಡುವುದು, ಗುಹೆಗಳಲ್ಲಿ ಫೋಟೊ, ಸಂಜೆ ಪುಟ್ಟ ದೋಣಿಯಲ್ಲಿ ಕುಳಿತು ತಾವೇ ಹುಟ್ಟು ಹಾಕುವುದು, ಮರಳಿನ ಮೇಲೆ ಹಗ್ಗಜಗ್ಗಾಟ. ಎಂಜಿನಿಯರಿಂಗ್ ಓದುತ್ತಿದ್ದ ತಮ್ಮ ಪ್ರಮೋದ್, ಧಾರವಾಡದ ಜಯತೀರ್ಥ ಕಾಕಾ ಧೋತರ ಉಟ್ಟು ಸೈಕಲ್ ಹೊಡೆಯುವುದನ್ನು ನೆನೆಸಿಕೊಂಡು ನಕ್ಕಿದ್ದಕ್ಕೆ ನೀರು ನೆತ್ತಿಗೇರಿತು. ಕೊನೆಗೂ ಬಾಲಚಂದ್ರ ಕೈ ತೊಳೆಯುತ್ತ, ಆಗಲಿ ಎಂದುಬಿಟ್ಟ.

ಸುದ್ದಿ ಅವನ ಆಫೀಸಿಗೆ ಮುಟ್ಟಿದಾಗ ಮಾತ್ರ ಅಪಾರ ಉತ್ಸಾಹ ಕಂಡುಬಂತು. ಗುಜರಾತಿನಲ್ಲಿ ಪಾನನಿಷೇಧ, ಸೇತುವೆ ದಾಟಿ ದಿಯುವಿಗೆ ಕಾಲಿಟ್ಟರೆ ಆ ತಾಪತ್ರಯವಿಲ್ಲ. ಸ್ವಂತ ತಮ್ಮನ ಮದುವೆಗೂ ರಜೆ ಸಿಗಲಿಲ್ಲ ಎಂದಿದ್ದ ಸಹೋದ್ಯೋಗಿಗಳು ಸಹ, ಸಮುದ್ರದ ಗಾಳಿ ಆರೋಗ್ಯಕ್ಕೆ ಒಳ್ಳೆಯದೆಂದು ತಾವಾಗಿಯೇ ಬಂದು ತಾರೀಖು ಕೇಳಿಕೊಂಡು ಹೋದರು.

ಅನಸೂಯಾ ಧಾರವಾಡಕ್ಕೆ ಮೊದಲ ಫೋನ್ ಮಾಡಿದ್ದು ಗಿರಿಜಕ್ಕನಿಗೆ. ಗಿರಿಜಕ್ಕ ಬಾಲಚಂದ್ರನ ಅಕ್ಕ. ತಾಯಿ ತೀರಿಕೊಂಡಾಗ ಬಾಲಚಂದ್ರ ಇನ್ನೂ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ. ಅವನನ್ನು ಓದಿಸಿ ದಡ ಮುಟ್ಟಿಸುವುದರಲ್ಲಿ ಗಿರಿಜಕ್ಕನ ಮದುವೆಯ ವಯಸ್ಸು ದಾಟಿತು. ಅವರು ಟೆಲಿಫೋನ್ ಇಲಾಖೆಯಲ್ಲಿ ದುಡಿದು ನಿವೃತ್ತರಾದರು, ಮದುವೆ ಆಗಲೇ ಇಲ್ಲ. ಆದರೆ ಮನೆತನದಲ್ಲಿ ಯಾರ ಮದುವೆಯಾದರೂ ಉಗ್ರಾಣ ಅವರದೇ. ಬೇಳೆ, ಬೆಲ್ಲ, ತುಪ್ಪ, ತೆಂಗಿನಕಾಯಿ, ವೀಳ್ಯದೆಲೆ ಎಲ್ಲ ಕೂಡಿಟ್ಟ ಕೋಣೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಅವರು ಕುಳಿತರೆಂದರೆ ಅಡಿಗೆಯವರು, ಆಚಾರ್ಯರು, ಬೀಗರು, ಎಲ್ಲರೂ ಅಲ್ಲಿಗೇ ಬಂದು ಕೈಯೊಡ್ಡಬೇಕು. ಯಾರಿಗೆ ಏನು ಕೊಡಬೇಕು, ಯಾರಿಂದ ಯಾವ ಕೆಲಸ ತೆಗೆಯಬೇಕು ಎಂಬುದು ಅವರ ನಾಲಿಗೆಯ ಮೇಲೆ. ಮದುವೆಯ ಪಾಯಸಕ್ಕೆ ಗೋದಿ ರವೆ ನಾದಿ ಸಣ್ಣಗೆ ಹೊಸೆಯುವ ಗವಲಿಯೂ ಅವರ ಕಣ್ಣೆದುರೇ ಆಗಬೇಕು. ಅಕ್ಷತೆ ಬೀಳುವ ಹೊತ್ತಿಗೂ ಅವರು ಅಲ್ಲಿಂದ ಏಳುತ್ತಿರಲಿಲ್ಲ. ಅನಸೂಯಾಳ ಮದುವೆಯ ಫೋಟೊಗಳಲ್ಲಿ ಗಿರಿಜಕ್ಕ ಒಂದರಲ್ಲೂ ಇಲ್ಲ.

ಆ ಜೀವಕ್ಕೆ ಒಮ್ಮೆಯಾದರೂ ವಿಶ್ರಾಂತಿ ಸಿಗಲಿ ಎಂಬುದು ಅನಸೂಯಾಳ ನಿಜವಾದ ಆಸೆ. ಅದನ್ನೇ ಸಂತೋಷದಿಂದ ಹೇಳಿದಳು.

"ಅಕ್ಕಾ, ಈ ಸಲ ನೀವು ಒಂದು ಕಡ್ಡಿ ಸುದ್ದಾ ಎತ್ತಬ್ಯಾಡ್ರಿ. ಎಲ್ಲಾ ರಿಸಾರ್ಟಿನವ್ರೇ ಮಾಡ್ತಾರ. ಪಾಯಸದ ಗವಲಿ ಸುದ್ದಾ ಹುಬ್ಬಳ್ಳಿಯಿಂದ ಪಾಕೀಟು ತರಿಸೀನಿ. ನೀವು ಬಂದು ಆರಾಮ ಕೂತ್ರ ಸಾಕು."

ಆ ಕಡೆಯಿಂದ, ಛಲೋ ಆತು ಎಂಬ ಮಾತು ಬಂತು. ಆಮೇಲೆ ಗಿರಿಜಕ್ಕ ಅಹಮದಾಬಾದಿನಲ್ಲಿ ಚಳಿ ಶುರುವಾಯಿತೇ ಎಂದು ಕೇಳಿ ಫೋನ್ ಇಟ್ಟರು. ಒಳ್ಳೆಯ ಸುದ್ದಿ ಕೊಟ್ಟ ಸಮಾಧಾನದಲ್ಲಿ ಅನಸೂಯಾ ಒಲೆಯ ಮೇಲೆ ಚಹಾಕ್ಕೆ ನೀರಿಟ್ಟಳು.

ಡಿಸೆಂಬರಿನಲ್ಲಿ ಜಯತೀರ್ಥ ಬಂದ. ಬಾಲಚಂದ್ರನ ಚಿಕ್ಕಪ್ಪನ ಮಗ, ಬ್ಯಾಂಕಿನ ಕೆಲಸದ ಮೇಲೆ ಅಹಮದಾಬಾದಿಗೆ ಬಂದವನು ಒಂದು ರಾತ್ರಿ ಮನೆಯಲ್ಲೇ ಉಳಿದ. ಚಹಾ ಕುಡಿದು, ಚೀಲದಿಂದ ಒಂದು ಗಂಟು ತೆಗೆದು ದೇವರ ಮುಂದೆ ಇಟ್ಟ. ಬಿಚ್ಚಿದರೆ ಪ್ರಾರ್ಥನಾಳಿಗೆ ಇಳಕಲ್ ಸೀರೆ, ಅಳಿಯನಿಗೆ ಧೋತರ, ಅನಸೂಯಾಳಿಗೆ ಖಣ. ಗಿರಿಜಕ್ಕ ಕಳಿಸಿದ ಆಹೇರಿ. ಆಹೇರಿಯನ್ನು ಮದುವೆಯ ಮನೆಯಲ್ಲಿ ಕುಂಕುಮ ಹಚ್ಚಿ ಸ್ವಂತ ಕೈಯಿಂದ ಕೊಡುತ್ತಾರೆ. ಮುಂಚೆಯೇ ಇನ್ನೊಬ್ಬರ ಕೈಯಲ್ಲಿ ಕಳಿಸಿದರೆ, ನಾನು ಬರುವುದಿಲ್ಲ ಎಂದು ಬಾಯಿ ಬಿಟ್ಟು ಹೇಳಬೇಕಾಗಿಲ್ಲ.

ಆ ದಿನ ಬಾಲಚಂದ್ರ ತಟ್ಟೆಯ ಮುಂದೆ ಕುಳಿತು ಅನ್ನ ಕಲಸಿದ, ತುತ್ತು ಎತ್ತಲಿಲ್ಲ.

"ನೀ ಏನ ಅಂದಿ ಆಕಿಗೆ?"

"ನಾ ಏನ ಅಂತೀನ್ರಿ? ಆರಾಮ ಕೂಡ್ರಿ ಅಂದೆ. ತಪ್ಪೇನದ ಅದರಾಗ?"

ಅವನೇ ಫೋನ್ ಮಾಡಿದ. ಮೊಣಕಾಲು ನೋವು, ಅಷ್ಟು ದೂರದ ಪ್ರಯಾಣ ಆಗುವುದಿಲ್ಲ ಎಂದು ಗಿರಿಜಕ್ಕ ಹೇಳಿದರಂತೆ. ಅವರ ಮೊಣಕಾಲು ತನ್ನ ಮದುವೆಯಲ್ಲೂ ನೋಯುತ್ತಿತ್ತು, ಆಗ ಎರಡು ಬಸ್ಸು ಬದಲಿಸಿ ಬೆಲ್ಲದ ಪೆಂಟೆಯ ಸಮೇತ ಬಂದಿದ್ದರು ಎಂದು ಬಾಲಚಂದ್ರ ಗೊಣಗಿದ. ಆಮೇಲೆ ತಟ್ಟೆ ಸರಿಸಿ, "ಆಕಿ ಬರದಿದ್ರ ನಾ ಧಾರಿ ಹ್ಯಾಂಗ ಎರೀಲಿ, ಅನಸೂಯಾ?" ಎಂದ. ಅವನ ಧ್ವನಿ ಅಷ್ಟು ಸಣ್ಣದಾದದ್ದನ್ನು ಅನಸೂಯಾ ಕೇಳಿದ್ದೇ ಅಪರೂಪ.

ಅವಳೇನು ಕಲ್ಲಲ್ಲ. ಪ್ರಾರ್ಥನಾ ಹುಟ್ಟಿದಾಗ ಗಂಡ ಹೆಂಡತಿ ಮೆಹಸಾಣಾದಲ್ಲಿದ್ದರು. ಗುರುತು ಪರಿಚಯವಿಲ್ಲದ ಊರಿನಲ್ಲಿ ಬಾಣಂತನಕ್ಕೆ ಯಾರೂ ಇಲ್ಲದಾಗ ಇದ್ದ ರಜೆಯನ್ನೆಲ್ಲ ಒಟ್ಟುಗೂಡಿಸಿ ಬಂದು ಕುಳಿತವರು ಗಿರಿಜಕ್ಕ. ಪ್ರಮೋದ್ ಕಾಮಾಲೆಯಿಂದ ಮಲಗಿದಾಗಲೂ ಅವರೇ. ಅವರಿಗೆ ಹುಡುಗ ಗುಜರಾತಿಯೆಂದು ಬೇಸರವಾಯಿತೇ, ದಿಯುವಿನ ಬಾಟಲಿಗಳ ಸುದ್ದಿ ಕಿವಿಗೆ ಬಿತ್ತೇ, ಸಮುದ್ರ ದಾಟುವುದು ಮನಸ್ಸಿಗೆ ಬರಲಿಲ್ಲವೇ ಎಂದು ಅನಸೂಯಾ ಅನ್ನ ಬಸಿಯುವಾಗ, ಬಟ್ಟೆ ಒಣಗಿಸುವಾಗ ತಲೆ ಕೆರೆದುಕೊಂಡಳು. ತನ್ನ ಮಾತೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅನುಮಾನಿಸಿದಳು.

ಸಂಕ್ರಾಂತಿಗೆ ಮುಂಚೆ ಬೀಗರಿಗೆ ಕೊಡುವ ಸೀರೆ ಖರೀದಿಗೆಂದು ಸೂರತ್ತಿಗೆ ಹೊರಟಳು. ಪ್ರಾರ್ಥನಾ ವಡೋದರಾದಲ್ಲಿ ಅದೇ ರೈಲು ಹತ್ತಿದಳು. ಭರೂಚ್ ದಾಟುವುದರೊಳಗೆ ತಾಯಿ ಮಗಳಿಗೆ ಜಗಳ ಹತ್ತಿಕೊಂಡಿತು. ಎದುರಿನ ಸೀಟಿನವರು ಥೇಪ್ಲಾ ತಿನ್ನುತ್ತ, ತಿಳಿಯದ ಭಾಷೆಯ ಜಗಳವನ್ನು ಆಸಕ್ತಿಯಿಂದ ಕೇಳಿದರು.

"ಅತ್ಯಾಗೆ ವೀಲ್‌ಚೇರ್ ಇದೆ ಅಮ್ಮಾ, ನಾನು ರಿಸಾರ್ಟ್‌ನವ್ರಿಗೆ ಕೇಳಿ ಪಕ್ಕಾ ಮಾಡಿದೆ. ಬೀಚ್‌ವರೆಗೆ ಕರ್ಕೊಂಡು ಹೋಗ್ತಾರೆ. ಅವ್ರಿಗೆ ಏನೂ ತ್ರಾಸ್ ಇಲ್ಲ."

"ಆಕಿಗೆ ಬೇಕಾದದ್ದು ಕುರ್ಚಿ ಅಲ್ಲ."

"ಮತ್ತೆ ಏನ್ ಬೇಕು? ಹೇಳು, ಬುಕ್ ಮಾಡ್ತೀನಿ."

ಅನಸೂಯಾ ಕಿಟಕಿಯಾಚೆ ನೋಡುತ್ತ ಕುಳಿತಳು.

ಉಧ್ನಾದ ಬೀಗರ ಮನೆಯಲ್ಲಿ ಮಧ್ಯಾಹ್ನ ಚಳಿಗಾಲದ ತರಕಾರಿಗಳ ಉಂಧಿಯು ಪಲ್ಯ ಮಾಡಿದ್ದರು. ಮೌಲಿಕ್‌ನ ತಾಯಿ ಜಾಗೃತಿಬೆನ್ ಅವರ ಕೈ ದೊಡ್ಡದು, ಮನಸ್ಸು ಇನ್ನೂ ದೊಡ್ಡದು. ಬಡಿಸಿ ಬಡಿಸಿ ಸಾಕು ಮಾಡಿದರು. ಪ್ರಾರ್ಥನಾ ಬೇಗ ಉಂಡು ಕೆಳಗಿನ ಕಾರ್ಖಾನೆಗೆ ಲೇಸು ನೋಡಲು ಇಳಿದಿದ್ದಳು. ಒಳಗೆ ಪೂರಿ ಕರಿಯುವ ವಾಸನೆ ಬಂದಾಗ ಅನಸೂಯಾ ಅಭ್ಯಾಸಬಲದಿಂದ ಎದ್ದು ಸೆರಗು ಸಿಕ್ಕಿಸಿಕೊಂಡಳು. ಜಾಗೃತಿಬೆನ್ ಭುಜ ಹಿಡಿದು ಅವಳನ್ನು ಮತ್ತೆ ಕೂರಿಸಿದರು. ಮದುವೆಯಲ್ಲೂ ಇದೇ ಮಾತು ಎಂದು ಅರ್ಧ ಹಿಂದಿ ಅರ್ಧ ಗುಜರಾತಿಯಲ್ಲಿ ಪ್ರೀತಿಯಿಂದ ವಿವರಿಸಿದರು. ಊಟ, ಮೆಹಂದಿ, ಮಂಟಪ ಎಲ್ಲಕ್ಕೂ ಜನರನ್ನು ಗೊತ್ತುಮಾಡಿದೆ, ನೀವು ಏನೂ ಮಾಡಬೇಡಿ, ಬಂದು ಆರಾಮವಾಗಿ ಕುಳಿತರೆ ಸಾಕು.

ಅನಸೂಯಾಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ನನ್ನ ಮಗಳ ಮದುವೆ, ನಾನು ಹೋಗಿ ಕೂಡಬೇಕೇ? ಯಾರೋ ಓಣಿಯವರು ಬಂದು ಉಂಡು ಹೋಗುವ ಹಾಗೆ? ಸಿಟ್ಟು ಕಣ್ಣಿನವರೆಗೆ ಬಂತು. ಎದುರಿಗೆ ನಗುತ್ತ ನಿಂತ ಜಾಗೃತಿಬೆನ್ ಅವರ ಮುಖದಲ್ಲಿ ಒಳ್ಳೆಯತನದ ಹೊರತು ಬೇರೇನೂ ಇರಲಿಲ್ಲ. ಅದನ್ನು ನೋಡುತ್ತಿದ್ದಂತೆಯೇ ತಾನು ಧಾರವಾಡಕ್ಕೆ ಮಾಡಿದ ಫೋನು ಅಕ್ಷರ ಅಕ್ಷರವಾಗಿ ಕಿವಿಯಲ್ಲಿ ಕೇಳಿಸಿತು. ಕೈಯಲ್ಲಿದ್ದ ಪೂರಿಯನ್ನು ತಟ್ಟೆಯಲ್ಲಿಟ್ಟು, ಒಂದು ನಿಮಿಷ ಎಂದು ಹೇಳಿ ಬಾಲ್ಕನಿಗೆ ಹೋದಳು. ಕೆಳಗೆ ಕಾರ್ಖಾನೆಯ ಯಂತ್ರಗಳು ಗಡಗಡ ಎನ್ನುತ್ತಿದ್ದವು. ಗಿರಿಜಕ್ಕನಿಗೆ ಫೋನ್ ಹಚ್ಚಿ, ಒಂದು ಕಿವಿ ಮುಚ್ಚಿಕೊಂಡು ಮಾತಾಡಿದಳು.

"ಅಕ್ಕಾ, ನಂದು ತಪ್ಪಾಗೇದ. ನಿಮಗ ಬಂದು ಕೂಡ್ರಿ ಅಂದೆ."

ಆ ಕಡೆ ಟಿ.ವಿ.ಯ ಸದ್ದು ಸಣ್ಣದಾಯಿತು.

"ಅಲ್ಲಿ ಎಲ್ಲಾ ಅದ, ಉಗ್ರಾಣ ಒಂದಿಲ್ಲ. ಉಗ್ರಾಣ ಇಲ್ಲದ ನಮ್ಮ ಮನ್ಯಾಗ ಯಾವಾಗರೆ ಮದವಿ ಆಗೇದೇನ್ರಿ? ನಂಗ ತಿಳೀಲಿಲ್ಲ. ನೀವು ಬಂದು ನಡಸಿಕೊಡ್ರಿ."

ಯಂತ್ರಗಳ ಸದ್ದಿನಲ್ಲಿ ಫೋನು ಕಟ್ಟಾಯಿತೇನೋ ಎಂದು ಅನಸೂಯಾ ಅದನ್ನು ಕಣ್ಣೆದುರು ಹಿಡಿದು ನೋಡಿದಳು. ಕಟ್ಟಾಗಿರಲಿಲ್ಲ.

"ನಿಮ್ಮಲ್ಲೆ ಗೋದಿ ಯಾವ್ದು ಸಿಗತದ?" ಎಂದರು ಗಿರಿಜಕ್ಕ.

"ಭಾಲಿಯಾ ಅಂತ ಅದ ಅಕ್ಕಾ. ಉದ್ದ ಕಾಳು, ರವಾ ಛಲೋ ಬರತದ."

"ತಂದಿಡು. ಆ ಹುಬ್ಬಳ್ಳಿ ಗವಲಿ ಪಾಕೀಟು ಯಾರಿಗರೆ ಕೊಟ್ಟಬಿಡು."

ಅನಸೂಯಾ ಕಣ್ಣೊರೆಸಿಕೊಂಡು ಒಳಗೆ ಬಂದು, ನಡೆದದ್ದನ್ನೆಲ್ಲ ತನ್ನ ಹರಕು ಗುಜರಾತಿಯಲ್ಲಿ ಜಾಗೃತಿಬೆನ್‌ಗೆ ಹೇಳಿದಳು. ಅವರು ಹಣೆ ಚಚ್ಚಿಕೊಂಡು ನಕ್ಕರು, ಅಡಿಗೆಮನೆಗೆ ಕರೆದೊಯ್ದು ಲಟ್ಟಣಿಗೆ ಕೈಗೆ ಕೊಟ್ಟರು. ಆ ಮಧ್ಯಾಹ್ನ ಬೀಗತಿಯರಿಬ್ಬರೂ ಸೇರಿ ಕರಿದ ಪೂರಿ ಆ ಕೇರಿಗೇ ಸಾಕಾಗುತ್ತಿತ್ತು.

ಗಿರಿಜಕ್ಕ ಮದುವೆಗೆ ಬಹಳ ಮುಂಚೆಯೇ ಚಾಂದ್‌ಖೇಡಾಕ್ಕೆ ಬಂದಿಳಿದರು. ಬಂದವರು ಮೊದಲು ಮಾಡಿದ ಕೆಲಸವೆಂದರೆ ದೇವರ ಮುಂದಿದ್ದ ಆಹೇರಿಯ ಗಂಟನ್ನು ಎತ್ತಿ ತಮ್ಮ ಟ್ರಂಕಿನೊಳಗೆ ಹಾಕಿಕೊಂಡದ್ದು. ಬಾಲಚಂದ್ರ ಆ ದಿನ ಚಪಾತಿಯ ಲೆಕ್ಕ ಮರೆತು ಉಂಡ. ಮರುದಿನದಿಂದ ಮನೆ ಅವರ ಕೈಗೆ ಹೋಯಿತು. ಗೋದಿ ತೊಳೆದು, ಆರಿಸಿ, ಬೀಸಿಸಿ ತಂದ ರವೆಯನ್ನು ಜರಡಿ ಹಿಡಿಯಲು ಪ್ರಮೋದನನ್ನು ಕೂರಿಸಿದರು. ಅವನ ಗೆಳೆಯರು ವೀಡಿಯೊ ಕಾಲ್ ಮಾಡಿದಾಗ ಅವನ ಹುಬ್ಬು ಬೆಳ್ಳಗಾಗಿತ್ತು.

ರಿಸಾರ್ಟಿನಲ್ಲೂ ಉಗ್ರಾಣಕ್ಕೊಂದು ಕೋಣೆ ಬೇಕೆಂಬ ಮಾತು ಕೇಳಿ ಪ್ರಾರ್ಥನಾ ಮಾತ್ರ ಫೋನಿನಲ್ಲೇ ಸಿಡುಕಿದಳು. ರಿಸಾರ್ಟಿನವರು ನಗುತ್ತಾರೆ, ತಾನು ಇಷ್ಟು ದಿನ ಕುಳಿತು ಹಾಕಿದ ಕಾರ್ಯಕ್ರಮವೆಲ್ಲ ಹಾಳಾಗುತ್ತದೆ ಎಂದಳು. ಅನಸೂಯಾ ಮಗಳಿಗೆ ಒಂದೇ ಮಾತು ಹೇಳಿದಳು.

"ನಿನ್ನ ದೋಣಿ ನಿಂಗ ಇರಲಿ, ಆಕಿ ಕೋಣಿ ಆಕಿಗೆ ಇರಲಿ. ನೀ ಹುಟ್ಟಿದಾಗ ನಿನ್ನ ಮೊದಲ ಎತ್ತಿಕೊಂಡ ಕೈ ಆಕಿದು. ಇಷ್ಟ ತಿಳಕೋ ಸಾಕು."

ಪ್ರಮೋದ್ ಗುಜರಾತಿಯಲ್ಲಿ ಮ್ಯಾನೇಜರನ ಹತ್ತಿರ ಮಾತಾಡಿದ. ಕೋಣೆ ಯಾಕೆ ಎಂದು ಆ ಮನುಷ್ಯನಿಗೆ ಎಷ್ಟು ಹೇಳಿದರೂ ತಿಳಿಯಲಿಲ್ಲ. ಕೊನೆಗೆ ಈಜುಕೊಳದ ಪಕ್ಕದ ಒಂದು ಕೋಣೆ ಕೊಟ್ಟ. ಅದರಲ್ಲಿ ಟವೆಲುಗಳೂ ದೋಣಿಯಲ್ಲಿ ಹೋಗುವವರು ಹಾಕಿಕೊಳ್ಳುವ ಲೈಫ್ ಜಾಕೆಟ್ಟುಗಳೂ ಇದ್ದವು. ಅವುಗಳನ್ನು ಇಡಲು ಬೇರೆ ಜಾಗವಿಲ್ಲ, ಅವು ಅಲ್ಲೇ ಇರುತ್ತವೆ ಎಂದ. ಹೀಗೆ ದಿಯುವಿನಲ್ಲಿ ತುಪ್ಪದ ಡಬ್ಬಿ, ಬೆಲ್ಲ, ತೆಂಗಿನಕಾಯಿಗಳ ಪಕ್ಕದಲ್ಲಿ ಕಿತ್ತಳೆ ಬಣ್ಣದ ಜಾಕೆಟ್ಟುಗಳು ತೂಗುವ ಉಗ್ರಾಣವೊಂದು ತೆರೆಯಿತು.

ಮೊದಲ ದಿನ ಬೆಳಿಗ್ಗೆ ಯೋಗಕ್ಕೆ ಬಂದವರು ಮೌಲಿಕ್‌ನ ಇಬ್ಬರು ಗೆಳೆಯರು ಮತ್ತು ಒಂದು ನಾಯಿ. ಧಾರವಾಡದ ಮಂದಿ ತಿಂಡಿ ತಿಂದು, ಲಾಬಿಯ ಮೆತ್ತನೆಯ ಸೋಫಾಗಳ ತುದಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ದವಾಖಾನೆಯಲ್ಲಿ ಪಾಳಿ ಕಾಯುವವರ ಹಾಗೆ ಕುಳಿತಿದ್ದರು. ಊಟ ಎಷ್ಟೊತ್ತಿಗೆ ಎಂದು ಒಬ್ಬರಾದ ಮೇಲೊಬ್ಬರು ಕೇಳಿದರು. ಸಮುದ್ರ ನೋಡಿಯಾಗಿತ್ತು. ಅದು ಎಲ್ಲಿಗೂ ಹೋಗುವಂತಿರಲಿಲ್ಲ. ಪ್ರಾರ್ಥನಾಳ ಮುಖ ಬಾಡಿತು. ಸೈಕಲ್ಲುಗಳು ಸಾಲಾಗಿ ನಿಂತಲ್ಲೇ ಇದ್ದವು.

ಆಗ ಗಿರಿಜಕ್ಕ ಉಗ್ರಾಣದ ಮುಂದಿನ ವರಾಂಡದಲ್ಲಿ ಬಿಳಿ ಧೋತರ ಹಾಸಿದರು. ರವೆಯ ಹಿಟ್ಟಿನ ಮುದ್ದೆ ಇಟ್ಟು, ಯಾರನ್ನೂ ಕರೆಯದೆ ಹೆಬ್ಬೆರಳು ತೋರುಬೆರಳಿನ ನಡುವೆ ಹಿಟ್ಟು ಹೊಸೆದು ಜೀರಿಗೆಯಷ್ಟು ಸಣ್ಣ ಗವಲಿ ಉದುರಿಸತೊಡಗಿದರು. ಲಾಬಿಯಿಂದ ಅದನ್ನು ಮೊದಲು ಕಂಡವಳು ಜಯತೀರ್ಥನ ಹೆಂಡತಿ ಶಾಂತಾ. ಅವಳು ಎದ್ದದ್ದೇ ತಡ, ಸೋಫಾಗಳೆಲ್ಲ ಖಾಲಿಯಾದವು. ಹೆಂಗಸರು ಧೋತರದ ಸುತ್ತ ಕುಳಿತರು, ಕೈ ಓಡಿತು, ಕೈಯ ಹಿಂದೆ ಬಾಯಿ ಓಡಿತು, ಯಾರೋ ಬೀಗರನ್ನು ಹಾಸ್ಯ ಮಾಡುವ ಹಳೆಯ ಹಾಡು ತೆಗೆದರು. ತಮ್ಮನ್ನೇ ಬೈಯುತ್ತಿದ್ದಾರೆ ಎಂದು ತಿಳಿಯದ ಸೂರತ್ತಿನವರು ತಾಳ ಹಾಕಿದರು. ಜಾಗೃತಿಬೆನ್ ತಮ್ಮ ನಾದಿನಿಯರನ್ನು ಕರೆದುಕೊಂಡು ಬಂದು ಕುಳಿತು, ಮೊದಲ ಗವಲಿಯನ್ನು ಹೆಸರುಕಾಳಿನಷ್ಟು ದಪ್ಪ ಮಾಡಿ ಎಲ್ಲರನ್ನೂ ನಗಿಸಿದರು. ಸಮುದ್ರದ ತೇವದ ಗಾಳಿಗೆ ಗವಲಿ ಒಣಗಲು ಒಪ್ಪಲಿಲ್ಲ. ಗಿರಿಜಕ್ಕ ಅದಕ್ಕೂ ತಲೆ ಕೆಡಿಸಿಕೊಳ್ಳದೆ, ಹಸಿಯಿದ್ದಾಗಲೇ ತುಪ್ಪದಲ್ಲಿ ಹುರಿಯಿರಿ ಎಂದು ಅಡಿಗೆಯವರಿಗೆ ಹೇಳಿ ಕಳಿಸಿದರು.

ಸಂಜೆ ದೋಣಿಯ ಹುರುಪಿನಲ್ಲಿ ಹುಡುಗ ಹುಡುಗಿಯರು ಜಾಕೆಟ್ಟು ಕೇಳಿಕೊಂಡು ಬಂದರು. ಉಗ್ರಾಣದಿಂದ ಏನನ್ನೂ ಬಿಟ್ಟಿ ಕೊಡುವ ಪದ್ಧತಿ ಗಿರಿಜಕ್ಕನಿಗೆ ಗೊತ್ತಿಲ್ಲ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ತೆಂಗಿನಕಾಯಿ ಇಟ್ಟರು. ಸುಲಿದು ಕೊಟ್ಟವರಿಗೆ ಜಾಕೆಟ್ಟು. ಐಸ್ ಎಲ್ಲಿ ಸಿಗುತ್ತದೆ ಎಂದು ಕೇಳಲು ಅತ್ತ ಹಾದುಹೋದ ಬಾಲಚಂದ್ರನ ಸಹೋದ್ಯೋಗಿಗಳಿಗೆ ಚೆಂಡುಹೂವಿನ ಬುಟ್ಟಿ ಸಿಕ್ಕಿತು. ತೈಲ ಕಂಪನಿಯ ದೊಡ್ಡ ಅಧಿಕಾರಿಗಳು ಕತ್ತಲಾಗುವವರೆಗೆ ಕಾಲು ಚಾಚಿ ಕುಳಿತು ಹೂವಿನ ಹಾರ ಕಟ್ಟಿದರು, ಐಸಿನ ನೆನಪು ಕೆಲವರಿಗಂತೂ ಹಾರಿಹೋಯಿತು. ಸೈಕಲ್ಲುಗಳಿಗೂ ಗತಿ ಕಂಡಿತು. ಬಾಳೆಎಲೆ ಸಾಲದೆ ಬಂದಾಗ ಪ್ರಮೋದನ ಗುಂಪು ಪೇಟೆಗೆ ಹೊಡೆದುಕೊಂಡು ಹೋಗಿ, ದಾರಿಯಲ್ಲಿ ಕೋಟೆಯನ್ನೂ ನೋಡಿಕೊಂಡು ಬಂತು. ಪ್ರಾರ್ಥನಾ ದೂರದಿಂದ ಇದನ್ನೆಲ್ಲ ನೋಡುತ್ತಿದ್ದಳು. ಜಯತೀರ್ಥ ಕಾಕಾ ಧೋತರ ಎತ್ತಿ ಕಟ್ಟಿ, ಜಾಕೆಟ್ಟು ತೊಟ್ಟು ದೋಣಿಯಲ್ಲಿ ಕುಳಿತದ್ದನ್ನು ಕಂಡಾಗ ಅವಳಿಗೂ ನಗು ತಡೆಯಲಾಗಲಿಲ್ಲ.

ಮದುವೆ ಚೆನ್ನಾಗಿ ಆಯಿತು. ಗಿರಿಜಕ್ಕ ತಮ್ಮ ಕೈಯಿಂದಲೇ ಆಹೇರಿ ಕೊಟ್ಟು, ಫೋಟೊಕ್ಕೆ ನಿಲ್ಲಿ ಎನ್ನುವುದರೊಳಗೆ ಉಗ್ರಾಣಕ್ಕೆ ಮರಳಿದ್ದರು. ಬಾಲಚಂದ್ರ ಧಾರೆ ಎರೆಯುವಾಗ ಅತ್ತ ತಿರುಗಿ ನೋಡಿದ. ಬಾಗಿಲಲ್ಲಿ ಮಣೆಯ ಮೇಲೆ ಅಕ್ಕ ಇದ್ದಳು. ನೀರಿನ ಧಾರೆ ತುಂಡಾಗದೆ ಇಳಿಯಿತು. ಪಕ್ಕದಲ್ಲಿದ್ದ ಅನಸೂಯಾ ಮನಸ್ಸಿನಲ್ಲೇ ದೇವರಿಗೆ, ಉಧ್ನಾದ ಆ ಬಾಲ್ಕನಿಗೆ, ತನ್ನನ್ನು ಭುಜ ಹಿಡಿದು ಕೂರಿಸಿದ ಬೀಗತಿಗೆ ಕೈ ಮುಗಿದಳು.

ಮಧ್ಯಾಹ್ನ ಹೆಣ್ಣನ್ನು ಕಳಿಸಿಕೊಡುವ ಹೊತ್ತು ಬಂತು. ಕಾರು ಬಾಗಿಲ ತನಕ ಬಂದು ನಿಂತಿತ್ತು. ಜಾಗೃತಿಬೆನ್ ಹೊರಗೆ ಕಾಯುತ್ತಿದ್ದರು. ಎಲ್ಲರ ಕಾಲು ಮುಟ್ಟಿದ ಪ್ರಾರ್ಥನಾ ಕಾರಿನ ಕಡೆಗೆ ಹೋಗದೆ, ಭಾರದ ಸೀರೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಈಜುಕೊಳದ ಪಕ್ಕಕ್ಕೆ ನಡೆದಳು. ಅನಸೂಯಾ ಹಿಂದೆಯೇ ಹೋದಳು.

ಗಿರಿಜಕ್ಕ ಒಬ್ಬರೇ ಕುಳಿತು, ಮದುಮಗಳ ಜೊತೆ ಕಳಿಸುವ ಬುತ್ತಿಗೆ ರವೆ ಉಂಡಿ ಕಟ್ಟುತ್ತಿದ್ದರು. ಪ್ರಾರ್ಥನಾ ಅವರೆದುರು ನೆಲದ ಮೇಲೇ ಕುಳಿತಳು.

"ಅತ್ಯಾ, ಎಲ್ಲಾರಿಗೂ ಕೆಲಸ ಕೊಟ್ಟೆ. ನಂಗೆ ಒಂದೂ ಕೊಡ್ಲಿಲ್ಲ."

ಗಿರಿಜಕ್ಕ ಕೈಯಲ್ಲಿದ್ದ ಉಂಡಿಯನ್ನು ಮತ್ತೆ ಮತ್ತೆ ಒತ್ತಿದರು, ಅದು ಒಡೆಯಿತು, ಮತ್ತೆ ಕಟ್ಟಿದರು. ಆಮೇಲೆ ಮುಖವನ್ನು ಮುಂದೆ ಮಾಡಿದರು.

"ನನ್ನ ಕಣ್ಣ ಒರಸವಾ," ಎಂದರು. "ಎರಡೂ ಕೈ ತುಪ್ಪಾಗ್ಯಾವ."

ಪ್ರಾರ್ಥನಾ ಸೆರಗಿನ ತುದಿಯಿಂದ ಅತ್ತೆಯ ಕಣ್ಣೊರೆಸಿದಳು. ಅವು ಮತ್ತೆ ತುಂಬಿದವು, ಮತ್ತೆ ಒರೆಸಿದಳು. ಅನಸೂಯಾ ಒಳಗೆ ಕಾಲಿಡಲಿಲ್ಲ. ಹಿಂದಿರುಗಿ ಹೋಗಿ, ಇನ್ನೂ ಸ್ವಲ್ಪ ಹೊತ್ತಾಗುತ್ತದೆ ಎಂದು ಜಾಗೃತಿಬೆನ್‌ಗೆ ಹೇಳಿದಳು. ಅವರು ಡ್ರೈವರನಿಗೆ ಗಾಡಿ ಬಂದ್ ಮಾಡಲು ಹೇಳಿದರು.